ನೀರಿಗೂ ಒಂದು ನಿಯಮ ಬೇಕೆಂದ ವೈದ್ಯ: ಫ್ರಾನ್ಸಿಸ್ ಡೇ

ತೇನಿ ಜಿಲ್ಲೆಯ ಬೋಡಿನಾಯಕನೂರಿನಿಂದ ಮುನ್ನಾರಿಗೆ ಹೊರಟ ಬಸ್ಸು ತಿರುವಿನ ಮೇಲೆ ತಿರುವು ಹತ್ತಿ ಬೋಡಿಮೆಟ್ಟಿನಲ್ಲಿ ಒಂದು ಗಳಿಗೆ ನಿಲ್ಲುತ್ತದೆ. ಕೆಳಗೆ ಬಿಸಿಲಿನ ಬಯಲು, ಮೇಲೆ ಏಲಕ್ಕಿ ತೋಟದ ತಂಪು. ಅಲ್ಲಿಗೆ ತಮಿಳುನಾಡು ಮುಗಿದು ಕೇರಳ ಪ್ರಾರಂಭವಾಗುತ್ತದೆ. ಮಳೆಯ ನೀರಿಗೂ ಅದೇ ಗಡಿ. ಮೂಡು ಮಗ್ಗುಲಿನಲ್ಲಿ ಬಿದ್ದ ಹನಿ ಕೊಟ್ಟಕುಡಿ ಹೊಳೆ ಸೇರಿ ವೈಗೈಯ ಪಾಲಾಗುತ್ತದೆ. ಪಡು ಮಗ್ಗುಲಿನಲ್ಲಿ ಬಿದ್ದದ್ದು ಪನ್ನಿಯಾರ್, ಮುದಿರಪುಳ ಹೊಳೆಗಳ ದಾರಿಯಾಗಿ ಪೆರಿಯಾರನ್ನು ಕೂಡಿ ಕೊಚ್ಚಿಯ ಹಿನ್ನೀರಿನ ಕಡೆಗೆ ಇಳಿಯುತ್ತದೆ.

ಆ ಗಡಿಯ ಎರಡೂ ಕಡೆ ನಮ್ಮಂಥವರಿದ್ದಾರೆ. ಕಂಬಂ ಕಣಿವೆಯಲ್ಲಿ ಮನೆಯೊಳಗೆ ಕನ್ನಡ, ಹೊರಗೆ ತಮಿಳು ಆಡುತ್ತ ತಲೆಮಾರುಗಳನ್ನು ಕಳೆದ ಕಪ್ಪಿಲಿಯರ್ ಒಕ್ಕಲಿಗರಿದ್ದಾರೆ. ಅವರ ಸ್ಥಿತಿ ಕಾಸರಗೋಡಿನ ನಮಗೆ ಬಿಡಿಸಿ ಹೇಳಬೇಕಾಗಿಲ್ಲ. ರಾಜ್ಯದ ಗಡಿ ಮನುಷ್ಯನ ಭಾಷೆಯನ್ನು ಕೇಳಿ ಎಳೆದದ್ದಲ್ಲ. ಮೀನನ್ನು ಕೇಳಿಯಂತೂ ಅಲ್ಲವೇ ಅಲ್ಲ. ಆದರೆ ಗಡಿಯ ಆಚೆಗೊಂದು ಕಾನೂನು, ಈಚೆಗೊಂದು ಕಾನೂನು ಇರುತ್ತದೆ. ಗಾಳ ಹಿಡಿದು ದೋಣಿ ಹತ್ತುವ ಹವ್ಯಾಸಿಗೆ ಯಾವ ಮೀನು ಹಿಡಿಯಬಹುದು, ಯಾವ ತಿಂಗಳು ಹಿಡಿಯಬಾರದು, ಯಾರ ಅಪ್ಪಣೆ ಬೇಕು ಎಂಬ ಪ್ರಶ್ನೆಗಳು ಅಲ್ಲಿಂದಲೇ ಹುಟ್ಟುತ್ತವೆ.

ಈ ಪ್ರಶ್ನೆಗಳನ್ನು ನಮ್ಮ ದೇಶದಲ್ಲಿ ಮೊದಲಾಗಿ ಊರೂರಿಗೆ ಕಾಗದ ಕಳಿಸಿ ಕೇಳಿದ ಸರಕಾರಿ ಅಧಿಕಾರಿ ಒಬ್ಬ ವೈದ್ಯರು. ಅವರ ಹೆಸರು ಫ್ರಾನ್ಸಿಸ್ ಡೇ. ಮೀನಿನ ಶಾಸ್ತ್ರ ಓದಿದವರಿಗೆ ಈ ಹೆಸರು ಮನೆಮಾತು. ಉಳಿದವರಿಗೂ ಇವರ ಪರಿಚಯ ಇರಬೇಕಾದ ಕಾರಣವುಂಟು. ಅವರ ಕೆಲಸದ ಒಂದು ಮುಖ್ಯ ಎಳೆ ನಮ್ಮ ಹಳೆಯ ದಕ್ಷಿಣ ಕನ್ನಡ ಜಿಲ್ಲೆಯ ಹೊಳೆಗಳಲ್ಲಿಯೇ ಸಿಕ್ಕಿಕೊಂಡಿದೆ.

ಸಸೆಕ್ಸಿನಿಂದ ಕೊಚ್ಚಿಗೆ

ಡೇಯವರು ಹುಟ್ಟಿದ್ದು 1829ರ ಮಾರ್ಚ್ 2ರಂದು, ಇಂಗ್ಲೆಂಡಿನ ಸಸೆಕ್ಸ್ ಪ್ರಾಂತದ ಮೇರ್ಸ್‌ಫೀಲ್ಡ್ ಎಂಬ ಹಳ್ಳಿಯಲ್ಲಿ. ಜಮೀನು ಇದ್ದ ಅನುಕೂಲಸ್ಥ ಕುಟುಂಬ. ಶ್ರೂಸ್‌ಬರಿಯಲ್ಲಿ ಶಾಲೆ ಮುಗಿಸಿ, ಲಂಡನಿನ ಸೇಂಟ್ ಜಾರ್ಜ್ ಆಸ್ಪತ್ರೆಯಲ್ಲಿ ವೈದ್ಯ ಕಲಿತರು. 1852ರಲ್ಲಿ, ಇಪ್ಪತ್ತಮೂರರ ವಯಸ್ಸಿನಲ್ಲಿ, ಈಸ್ಟ್ ಇಂಡಿಯಾ ಕಂಪೆನಿಯ ಮದ್ರಾಸ್ ಸೇನೆಗೆ ಸಹಾಯಕ ಸರ್ಜನ್ ಆಗಿ ಬಂದರು. ಬಂದವರಿಗೆ ಮೊದಲು ಸಿಕ್ಕಿದ್ದು ಎರಡನೆಯ ಬರ್ಮಾ ಯುದ್ಧ.

1859ರ ಹೊತ್ತಿಗೆ ಅವರು ಕೊಚ್ಚಿಯಲ್ಲಿದ್ದರು. ಬೋಡಿಮೆಟ್ಟಿನ ಪಡುವಣ ನೀರು ಕೊನೆಗೆ ಸಮುದ್ರ ಕಾಣುವುದು ಆ ಹಿನ್ನೀರಿನ ಆಸುಪಾಸಿನಲ್ಲಿಯೇ ಎಂಬುದನ್ನು ಮೇಲೆ ಹೇಳಿದೆ. ಬೆಳಗಿನ ಹೊತ್ತು ರೋಗಿಗಳು, ಉಳಿದ ಹೊತ್ತು ಮೀನು. ಕಡಲಿನದು, ಹಿನ್ನೀರಿನದು, ಗದ್ದೆಯದು, ಬೆಟ್ಟದ ಹೊಳೆಯದು ಎಂದು ಬಗೆಬಗೆಯ ಮೀನುಗಳನ್ನು ತರಿಸಿ, ಅಳೆದು, ಹುರುಪೆ ಎಣಿಸಿ, ಚಿತ್ರ ಬರೆದು ಇಟ್ಟರು. ಹುರುಪೆ ಎಣಿಸುವುದೆಂದರೆ ಹುಡುಗಾಟವಲ್ಲ. ನೋಡಲು ಒಂದೇ ತೆರನಾದ ಎರಡು ಮೀನುಗಳನ್ನು ಬೇರೆ ಮಾಡಿ ಹೇಳುವುದು ಪಕ್ಕದ ಸಾಲಿನಲ್ಲಿ ಎಷ್ಟು ಹುರುಪೆ, ರೆಕ್ಕೆಯಲ್ಲಿ ಎಷ್ಟು ಮುಳ್ಳು ಎಂಬ ಲೆಕ್ಕದಿಂದ.

1863ರಲ್ಲಿ ಕೊಚ್ಚಿಯ ಇತಿಹಾಸ, ಜನಜೀವನಗಳ ಬಗ್ಗೆ ಪೆರುಮಾಳರ ನಾಡು ಎಂಬ ಅರ್ಥದ ಹೆಸರಿನ ಪುಸ್ತಕವನ್ನೂ, 1865ರಲ್ಲಿ ಮಲಬಾರಿನ ಮೀನುಗಳ ಕುರಿತ ಗ್ರಂಥವನ್ನೂ ಅವರು ಪ್ರಕಟಿಸಿದರು. ಆ 1865ರಲ್ಲಿಯೇ ಅವರು ಲೋಕಕ್ಕೆ ತಿಳಿಸಿದ ಒಂದು ಮೀನು ತಿರುವಾಂಕೂರಿನ ಬೆಟ್ಟದಡಿಯ ಮುಂಡಕ್ಕಯಂನಲ್ಲಿ ಸಿಕ್ಕಿದ್ದು. ಮೈಯುದ್ದಕ್ಕೂ ಕಪ್ಪು ಗೆರೆ, ಅದರ ಮೇಲೆ ಕೆಂಪು ಗೆರೆ, ಬಾಲದಲ್ಲಿ ಹಳದಿ ಕಪ್ಪು ಪಟ್ಟೆ. ಆಗ ಮದ್ರಾಸಿನ ಗವರ್ನರ್ ಆಗಿದ್ದ ವಿಲಿಯಂ ಡೆನಿಸನ್ನರ ಹೆಸರನ್ನು ಅದಕ್ಕೆ ಇಟ್ಟರು. ಇಂದು ಗಾಜಿನ ತೊಟ್ಟಿಯಲ್ಲಿ ಮೀನು ಸಾಕುವವರು ಅದನ್ನೇ ಮಿಸ್ ಕೇರಳ ಎನ್ನುತ್ತಾರೆ. ನಮ್ಮ ಚಂದ್ರಗಿರಿ ಹೊಳೆಯಲ್ಲಿಯೂ ಅದು ಉಂಟು. ಅದರ ಕತೆಗೆ ಕೊನೆಯಲ್ಲಿ ಮತ್ತೆ ಬರುವಾ.

ಬದುಕದೆ ಹೋದ ಮೊಟ್ಟೆಗಳು

ಡೇಯವರ ಮೊದಲ ದೊಡ್ಡ ಪ್ರಯತ್ನ ಸೋಲಿನಲ್ಲಿ ಮುಗಿಯಿತು. ನೀಲಗಿರಿಯ ತಣ್ಣನೆಯ ತೊರೆಗಳಲ್ಲಿ ದೊಡ್ಡ ಮೀನು ಇಲ್ಲದಿರುವುದು ಊಟಿಯ ಬಿಳಿಯರಿಗೆಲ್ಲ ಒಂದು ಕೊರತೆಯಾಗಿತ್ತು. ತಮ್ಮ ದೇಶದ ಟ್ರೌಟ್ ಅಲ್ಲಿದ್ದರೆ ಗಾಳ ಹಾಕಬಹುದಿತ್ತಲ್ಲ ಎಂಬ ಆಸೆ. ಟ್ರೌಟ್ ತಣ್ಣೀರಿನ ಮೀನು. ಅದರ ಮೊಟ್ಟೆ ಒಡೆದು ಮರಿಯಾಗಲು ವಾರಗಟ್ಟಲೆ ಬೇಕು. ಆದ್ದರಿಂದ ದಾರಿಯುದ್ದಕ್ಕೂ ತಂಪಾಗಿ ಇಡಬಲ್ಲೆವಾದರೆ ಮೊಟ್ಟೆಯನ್ನು ದೂರದ ದೇಶಕ್ಕೆ ಒಯ್ಯಬಹುದೆಂಬುದು ಲೆಕ್ಕಾಚಾರ.

1863ರಲ್ಲಿ ಒಮ್ಮೆ, 1866ರಲ್ಲಿ ಮತ್ತೊಮ್ಮೆ ಡೇಯವರು ಪ್ರಯತ್ನಿಸಿದರು. ಸೂಯೆಜ್ ಕಾಲುವೆ ತೆರೆದದ್ದು 1869ರಲ್ಲಿ. ಅದಕ್ಕೆ ಮೊದಲು ಹಡಗಿನಿಂದ ಇಳಿಸಿ, ಈಜಿಪ್ಟಿನ ಬಿಸಿಲಿನಲ್ಲಿ ನೆಲದ ಮೇಲೆ ಸಾಗಿಸಿ, ಮತ್ತೆ ಹಡಗಿಗೆ ಏರಿಸಬೇಕು. ಎರಡು ಸಲವೂ ಕೆಲಸ ಕೈಗೂಡಲಿಲ್ಲ. ಟ್ರೌಟ್ ಬಾರದಿದ್ದರೂ ಕಾರ್ಪ್, ಟೆಂಚ್ ಮುಂತಾದ ಗಟ್ಟಿ ಜೀವದ ಕೆಲವು ಮೀನುಗಳನ್ನು ನೀಲಗಿರಿಯ ನೀರಿಗೆ ಬಿಡುವ ಕೆಲಸ ಆ ವರ್ಷಗಳಲ್ಲಿ ನಡೆಯಿತು.

ನೀಲಗಿರಿಯಲ್ಲಿ ಟ್ರೌಟ್ ನೆಲೆಯೂರಿದ್ದು 1900ರ ನಂತರದ ಮೊದಲ ದಶಕದಲ್ಲಿ, ಎಚ್. ಸಿ. ವಿಲ್ಸನ್ನರ ಕೈಯಲ್ಲಿ. ಮುಂದೆ ಅದು ಬೋಡಿಮೆಟ್ಟಿನಾಚೆ ಮುನ್ನಾರಿನ ಮೇಲ್ಮಲೆಯ ತೊರೆಗಳಿಗೂ ಬಂತು. ಟೀ ತೋಟದ ದೊರೆಗಳು ಅಲ್ಲಿ ಗಾಳದವರ ಸಂಘವೊಂದನ್ನು ಕಟ್ಟಿಕೊಂಡು, ಅಪ್ಪಣೆ ಪತ್ರವಿಲ್ಲದೆ ಯಾರೂ ಗಾಳ ಹಾಕಬಾರದೆಂಬ ಕಟ್ಟಳೆ ಮಾಡಿಕೊಂಡರು. ಹೊರಗಿನ ಮೀನನ್ನು ತಂದು ಬಿಟ್ಟರೆ ನಾಡಿನ ಸಣ್ಣ ಮೀನು, ಕಪ್ಪೆಗಳ ಗತಿಯೇನು ಎಂಬುದನ್ನು ಆಗ ಯಾರೂ ಯೋಚಿಸಿರಲಿಲ್ಲ. ಡೇಯವರೂ ಯೋಚಿಸಿರಲಿಲ್ಲವೆಂದೇ ಹೇಳಬೇಕು. ಅವರನ್ನು ದೊಡ್ಡವರೆಂದು ಕರೆಯುವಾಗ ಇದನ್ನೂ ಸೇರಿಸಿಯೇ ಕರೆಯಬೇಕು.

ಅಣೆಕಟ್ಟಿನ ಕೆಳಗೆ ನಿಂತವರು

ಟ್ರೌಟಿನ ಸೋಲಿನ ನಂತರ ಡೇಯವರ ಗಮನ ಹವ್ಯಾಸದ ಮೀನಿನಿಂದ ಅನ್ನದ ಮೀನಿನ ಕಡೆಗೆ ತಿರುಗಿತು. ಕಾವೇರಿ, ಕೊಳ್ಳಿಡಂ ನದಿಗಳಿಗೆ ಕಟ್ಟಿದ ಅಣೆಕಟ್ಟುಗಳಿಂದ ಮೀನಿಗೆ ಏನಾಗಿದೆ ಎಂದು ನೋಡುವ ಕೆಲಸ ಅವರ ಪಾಲಿಗೆ ಬಂತು. ಕಡಲಿನಿಂದ ಹೊಳೆ ಹತ್ತಿ ಮೊಟ್ಟೆಯಿಡುವ ಹಿಲ್ಸಾ ಮೀನು ಅಣೆಕಟ್ಟಿನ ಗೋಡೆಗೆ ಬಂದು ತಡೆಯುತ್ತಿತ್ತು. ಮೇಲೆ ಹೋಗಲು ದಾರಿಯಿಲ್ಲ. ಕೆಳಗೆ ಬಲೆ ಹಿಡಿದು ಕಾದು ನಿಂತವರಿಗೆ ಸುಗ್ಗಿ. ಮೊಟ್ಟೆ ಹೊತ್ತ ತಾಯಿ ಮೀನುಗಳನ್ನೇ ಗೋಡೆಯ ಬುಡದಲ್ಲಿ ಬಾಚಿದರೆ ಬರುವ ವರ್ಷಕ್ಕೆ ಮೀನೆಲ್ಲಿಂದ?

ಮೀನು ಹತ್ತಲು ಮೆಟ್ಟಿಲು ಮೆಟ್ಟಿಲಾಗಿ ನೀರು ಇಳಿಯುವ ಓಣಿಯೊಂದನ್ನು ಅಣೆಕಟ್ಟಿನಲ್ಲಿಯೇ ಬಿಡಬೇಕೆಂಬ ಪರಿಹಾರ ಆಗ ಚರ್ಚೆಗೆ ಬಂತು. ಮುಂದೆ ಕೊಳ್ಳಿಡಂನಲ್ಲಿ ಅಂಥ ಮೀನೇಣಿಗಳನ್ನು ಕಟ್ಟಿಯೂ ನೋಡಿದರು. ಹೇಳಿಕೊಳ್ಳುವಂಥ ಫಲ ಸಿಗಲಿಲ್ಲ. 1934ರಲ್ಲಿ ಮೆಟ್ಟೂರು ಅಣೆಕಟ್ಟು ಬಂದ ಮೇಲೆ ಕಾವೇರಿಯ ಹಿಲ್ಸಾ ಹೆಸರಿಗೆ ಮಾತ್ರ ಉಳಿಯಿತು. ರೋಗ ಇಂಥದ್ದೆಂದು ಡೇಯವರು ಗುರುತಿಸಿದ್ದು ಸರಿಯಾಗಿತ್ತು. ಮದ್ದು ಕೊಡುವ ಕಾಲಕ್ಕೆ ರೋಗಿಯೇ ಇರಲಿಲ್ಲ.

ನಮ್ಮ ಜಿಲ್ಲೆಯ ಕಲೆಕ್ಟರ್

ಇದೇ ಕಾಲಕ್ಕೆ ಮಂಗಳೂರಿನಲ್ಲಿ ಇನ್ನೊಬ್ಬ ಅಧಿಕಾರಿ ಹೊಳೆಗಳನ್ನು ನೋಡುತ್ತಿದ್ದರು. ಅವರು ದಕ್ಷಿಣ ಕನ್ನಡದ ಕಲೆಕ್ಟರ್ ಹೆನ್ರಿ ಸಲಿವನ್ ಥಾಮಸ್. ಕಾಸರಗೋಡು ತಾಲೂಕು 1956ರ ನವೆಂಬರ್ 1ರವರೆಗೂ ಆ ಜಿಲ್ಲೆಯ ಭಾಗವೇ ಆಗಿತ್ತು. ಹಾಗಾಗಿ ಥಾಮಸರು ನಮ್ಮ ಕಲೆಕ್ಟರರೂ ಹೌದು. ಮನುಷ್ಯರು ಗಾಳದ ಹುಚ್ಚಿನವರು. ಬಿಡುವಾದರೆ ಹೊಳೆಯ ದಂಡೆ, ಇಲ್ಲವೆ ದೋಣಿ. ಅಲ್ಲಿ ಕುಳಿತು ಅವರು ಮೀನನ್ನಷ್ಟೇ ನೋಡಲಿಲ್ಲ, ಮೀನು ಕಡಿಮೆಯಾಗುವುದನ್ನೂ ನೋಡಿದರು.

ಬೇಸಗೆಯಲ್ಲಿ ಹೊಳೆ ಬತ್ತಿ ಗುಂಡಿ ಗುಂಡಿಯಾಗಿ ನಿಂತಾಗ ಕಾಡಿನ ಕಾಯಿ ಜಜ್ಜಿ ಹಾಕಿ ನೀರಿಗೆ ನಂಜೇರಿಸುವುದು, ತೋಡಿಗೆ ಅಡ್ಡಲಾಗಿ ಕಟ್ಟ ಕಟ್ಟಿ ಕೂಳಿಯಿಟ್ಟು ಬೆರಳುದ್ದದ ಮರಿಗಳನ್ನೂ ಬಿಡದೆ ಬಾಚುವುದು ಇವನ್ನು ನಮ್ಮ ಅಜ್ಜಂದಿರ ಕಾಲದವರೂ ಬಲ್ಲರು. ಒಂದು ಗುಂಡಿಗೆ ನಂಜು ಬಿದ್ದರೆ ತಿನ್ನಲು ಸಿಗುವುದು ಒಂದು ಬುಟ್ಟಿ ಮೀನು. ಸತ್ತು ಕೊಳೆಯುವುದು ಎಷ್ಟೆಂದು ಲೆಕ್ಕವಿಟ್ಟವರಿಲ್ಲ. ಥಾಮಸರು ಇದನ್ನೆಲ್ಲ ಕೂಡಿಸಿ 1870ರಲ್ಲಿ ದಕ್ಷಿಣ ಕನ್ನಡದ ಮೀನು ಸಾಕಣೆಯ ಬಗ್ಗೆ ಸರಕಾರಕ್ಕೊಂದು ವರದಿ ಬರೆದರು. 1873ರಲ್ಲಿ ಭಾರತದಲ್ಲಿ ಗಾಳ ಹಾಕುವ ವಿದ್ಯೆಯ ಕುರಿತ ಅವರ ಹೆಸರಾಂತ ಪುಸ್ತಕ ಮಂಗಳೂರಿನಲ್ಲಿಯೇ ಅಚ್ಚಾಯಿತು. ಇಂಗ್ಲಿಷ್ ಬಲ್ಲ ಗಾಳಗಾರರು ಇವತ್ತಿಗೂ ಹುಡುಕಿ ಓದುವ ಆ ಪುಸ್ತಕದ ಬೇರು ನಮ್ಮ ಹೊಳೆಗಳಲ್ಲಿ ಇದೆ ಎಂಬುದು ನಮ್ಮಲ್ಲಿ ಎಷ್ಟು ಮಂದಿಗೆ ಗೊತ್ತು?

ಡೇಯವರಿಗೂ ಥಾಮಸರಿಗೂ ಸಹಜವಾಗಿಯೇ ನಂಟು ಬೆಳೆಯಿತು. ಒಬ್ಬರು ಶಾಸ್ತ್ರ ಬಲ್ಲವರು, ಇನ್ನೊಬ್ಬರು ಹೊಳೆ ಬಲ್ಲವರು. ದಕ್ಷಿಣ ಕನ್ನಡದ ಹೊಳೆಗಳ ದೊಡ್ಡ ಮೀನೊಂದನ್ನು ಡೇಯವರು 1874ರಲ್ಲಿ ವಿವರಿಸಿದಾಗ ಅದಕ್ಕೆ ಥಾಮಸರ ಹೆಸರನ್ನೇ ಇಟ್ಟರು. ಕನ್ನಡಿಗರು ಹರಗಿ ಎಂದು ಕರೆಯುವ ಮೀನನ್ನು ಶಾಸ್ತ್ರದ ಲೆಕ್ಕಕ್ಕೆ ಸೇರಿಸಿದವರೂ ಡೇಯವರೇ, 1870ರಲ್ಲಿ. ಅದರ ಮಾದರಿಯೂ ದಕ್ಷಿಣ ಕನ್ನಡದ್ದೇ. ಈ ಎರಡೂ ಮೀನುಗಳು ಇಂದು ತೀರ ಅಪಾಯದಲ್ಲಿರುವ ಜೀವಿಗಳ ಪಟ್ಟಿಯಲ್ಲಿವೆ.

ತಹಸೀಲ್ದಾರರಿಗೆ ಹೋದ ಪ್ರಶ್ನೆಗಳು

1871ರಲ್ಲಿ ಸರಕಾರ ಡೇಯವರನ್ನು ಭಾರತದ ಮೀನುಗಾರಿಕೆಯ ಇನ್‌ಸ್ಪೆಕ್ಟರ್ ಜನರಲ್ ಆಗಿ ನೇಮಿಸಿತು. ಹುದ್ದೆಯ ಹೆಸರು ದೊಡ್ಡದು, ಕೈಯಲ್ಲಿ ಅಧಿಕಾರ ಕಡಿಮೆ. ಮೀನಿನ ವಿಷಯಕ್ಕೆ ಒಂದು ಕಾಯಿದೆಯೂ ಇಲ್ಲದ ದೇಶದಲ್ಲಿ ಅವರು ಮಾಡಬಹುದಾದದ್ದು ತಿರುಗುವುದು, ಕೇಳುವುದು, ಬರೆಯುವುದು. ಒರಿಸ್ಸಾ, ಬಂಗಾಳ, ಬರ್ಮಾ, ಪಂಜಾಬ್, ಸಿಂಧ್ ಎಂದು ಅವರು ತಿರುಗಿದರು.

ಅವರು ಮಾಡಿದ ಒಂದು ಕೆಲಸ ಮಾತ್ರ ಆ ಕಾಲಕ್ಕೆ ಹೊಸದು. ಕಚೇರಿಯಲ್ಲಿ ಕುಳಿತ ದೊರೆಗಳನ್ನಷ್ಟೇ ಕೇಳದೆ, ತಾಲೂಕುಗಳ ತಹಸೀಲ್ದಾರರಿಗೂ ಪ್ರಶ್ನೆಗಳ ಪಟ್ಟಿ ಹೋಗುವಂತೆ ಮಾಡಿದರು. ನಿಮ್ಮಲ್ಲಿ ಮೀನು ಹೆಚ್ಚಿದೆಯೇ, ಕಡಿಮೆಯಾಗಿದೆಯೇ? ಬಲೆಯ ಕಣ್ಣು ಎಷ್ಟು ಸಣ್ಣದು? ಗದ್ದೆಯ ತೂಬಿನಲ್ಲಿ ಮರಿ ಹಿಡಿಯುತ್ತಾರೆಯೇ? ನೀರಿಗೆ ನಂಜು ಹಾಕುವ ವಾಡಿಕೆ ಉಂಟೇ? ಪೇಟೆಯಲ್ಲಿ ಮೀನು ಸಾಕಷ್ಟು ಸಿಗುತ್ತದೆಯೇ? ಬಂದ ಉತ್ತರಗಳನ್ನು ಜಿಲ್ಲೆ ಜಿಲ್ಲೆಯಾಗಿ ಜೋಡಿಸಿ, 1873ರಲ್ಲಿ ಭಾರತ ಮತ್ತು ಬರ್ಮಾದ ಸಿಹಿನೀರಿನ ಮೀನುಗಾರಿಕೆಯ ಬಗ್ಗೆ ದೊಡ್ಡ ವರದಿಯನ್ನು ಅವರು ಒಪ್ಪಿಸಿದರು.

ಅದರ ಸಾರ ಸರಳ. ಹಿಂದೆ ಹೊಳೆ, ಕೆರೆಗಳ ಮೀನಿನ ಮೇಲೆ ಊರಿನದೋ ಅರಸನದೋ ಗುತ್ತಿಗೆದಾರನದೋ ಒಂದು ಹಿಡಿತವಿತ್ತು. ಹೊಸ ಆಡಳಿತ ಬಂದ ಮೇಲೆ ಹಲವೆಡೆ ಆ ಹಿಡಿತ ಸಡಿಲಿತು. ಎಲ್ಲರದೂ ಆದ ನೀರು ಯಾರದೂ ಅಲ್ಲದಂತಾಯಿತು. ಆದ್ದರಿಂದ ನಂಜು ನಿಲ್ಲಬೇಕು, ಬಲೆಯ ಕಣ್ಣಿಗೆ ಒಂದು ಅಳತೆ ಬೇಕು, ಹೊಳೆಗೆ ಅಡ್ಡಲಾಗಿ ನಿಲ್ಲಿಸುವ ಕೂಳಿಗಳು ಹೋಗಬೇಕು, ಮರಿಗಳಿಗೆ ಬೆಳೆಯಲು ಅವಕಾಶ ಸಿಗಬೇಕು. ಇಷ್ಟೇ ಅವರ ಬೇಡಿಕೆ.

ವಿರೋಧ ಬರಲು ತಡವಾಗಲಿಲ್ಲ. ಬಡವನ ತಟ್ಟೆಗೆ ಕೈ ಹಾಕಿದಂತಾಗುತ್ತದೆ, ಹಳ್ಳಿಯ ಪೊಲೀಸನಿಗೆ ಲಂಚ ಕೀಳಲು ಇನ್ನೊಂದು ದಾರಿಯಾಗುತ್ತದೆ ಎಂಬ ಆತಂಕವಿದ್ದವರಿದ್ದರು. ಗಾಳ ಹಿಡಿದು ಕಾಲ ಕಳೆಯುವ ದೊರೆಗಳ ಮೋಜಿಗಾಗಿ ಈ ಕಾನೂನು ಎಂಬ ಅನುಮಾನಕ್ಕೂ ಎಡೆಯಿತ್ತು. ಈ ಆಕ್ಷೇಪಗಳಲ್ಲಿ ಹುರುಳಿರಲಿಲ್ಲವೆಂದು ಹೇಳಲಾಗದು. 1879ರಲ್ಲಿ ಮದ್ರಾಸ್ ಸರಕಾರ ನೀಲಗಿರಿಯ ಬೇಟೆ ಮತ್ತು ಮೀನುಗಳ ರಕ್ಷಣೆಗೆ ಒಂದು ಕಾಯಿದೆ ಮಾಡಿತು. ದೊರೆಗಳು ಬೇಸಗೆ ಕಳೆಯುವ ಬೆಟ್ಟಕ್ಕೆ ಕಾಯಿದೆ ಬೇಗ ಬಂತು. ಒಕ್ಕಲು ಮಕ್ಕಳು ಮೀನು ತಿನ್ನುವ ಬಯಲಿಗೆ ಇನ್ನೂ ಹದಿನೆಂಟು ವರ್ಷ ಕಾಯಬೇಕಾಯಿತು. ಆದರೆ ಡೇಯವರ ವರದಿಯನ್ನು ಓದಿದವರಿಗೆ ಒಂದು ಮಾತು ಸ್ಪಷ್ಟ. ಅವರ ಚಿಂತೆ ಗಾಳದ ಮೋಜಿನದಾಗಿರಲಿಲ್ಲ. ಮಾಂಸ ಕೊಳ್ಳಲಾರದವನಿಗೆ ಸಿಗುವ ಮೀನು ವರ್ಷದಿಂದ ವರ್ಷಕ್ಕೆ ಕರಗುತ್ತಿದೆ ಎಂಬುದಾಗಿತ್ತು.

ಗ್ರಂಥ ಮತ್ತು ಮುನಿಸು

ಡೇಯವರ ಮನೆಯ ಬಾಳು ಈ ನಡುವೆ ಸುಖದ್ದಾಗಿರಲಿಲ್ಲ. 1857ರಲ್ಲಿ ಮದುವೆಯಾದ ಹೆಂಡತಿ 1869ರಲ್ಲಿ ತೀರಿಕೊಂಡರು. 1872ರಲ್ಲಿ ಎರಡನೆಯ ಮದುವೆಯಾದರು. ಆಕೆಯೂ ಮರುವರ್ಷವೇ ತೀರಿಕೊಂಡರು. ಬಾಕಿ ಉಳಿದದ್ದು ಕೆಲಸ. 1875ರಿಂದ 1878ರವರೆಗೆ ಭಾಗ ಭಾಗವಾಗಿ ಭಾರತದ ಮೀನುಗಳು ಎಂಬ ಮಹಾಗ್ರಂಥ ಹೊರಬಂತು. ಸಾವಿರದ ನಾನ್ನೂರರಷ್ಟು ಜಾತಿಗಳ ವಿವರ, ನೂರಾರು ಚಿತ್ರಪಟಗಳು, ಜತೆಗೆ ತಮಿಳು, ಮಲೆಯಾಳ, ತೆಲುಗು, ಹಿಂದೂಸ್ಥಾನಿ, ಕೆಲವೆಡೆ ಕನ್ನಡದ ಹೆಸರುಗಳು. ಬೆಸ್ತರ ಬಾಯಿಂದ ಬಂದ ಹೆಸರನ್ನು ಲ್ಯಾಟಿನ್ ಹೆಸರಿನ ಪಕ್ಕದಲ್ಲಿ ಬರೆದಿಟ್ಟ ಆ ಒಂದು ಕೆಲಸಕ್ಕಾಗಿಯಾದರೂ ನಾವು ಅವರನ್ನು ನೆನೆಯಬೇಕು.

ಲಂಡನಿನ ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿ ಮೀನುಗಳ ವಿಭಾಗಕ್ಕೆ ಒಡೆಯರಂತಿದ್ದ ಆಲ್ಬರ್ಟ್ ಗುಂಥರ್‌ರಿಗೂ ಡೇಯವರಿಗೂ ಸರಿಬರಲಿಲ್ಲ. ಒಬ್ಬರ ಹೆಸರಿಕೆಯಲ್ಲಿ ಇನ್ನೊಬ್ಬರು ತಪ್ಪು ಹುಡುಕುವುದು ವರ್ಷಗಟ್ಟಲೆ ನಡೆಯಿತು. ಕೊನೆಗೆ ಡೇಯವರು ತಮ್ಮ ಸಂಗ್ರಹದ ದೊಡ್ಡ ಭಾಗವನ್ನು 1883ರಲ್ಲಿ ಲಂಡನಿಗೆ ಕೊಡದೆ ಆಸ್ಟ್ರೇಲಿಯಾದ ಸಿಡ್ನಿಯ ಮ್ಯೂಸಿಯಮ್ಮಿಗೆ ಮಾರಿಬಿಟ್ಟರು. ನಮ್ಮ ನಾಡಿನ ಮೀನುಗಳು ಸಿಡ್ನಿಯ ಗಾಜಿನ ಭರಣಿಗಳಲ್ಲಿ ನೆನೆಯುತ್ತಿರುವುದಕ್ಕೆ ಇಬ್ಬರು ಪಂಡಿತರ ಮುನಿಸೇ ಕಾರಣ.

1877ರ ಹೊತ್ತಿಗೆ ನಿವೃತ್ತರಾಗಿ ಅವರು ಇಂಗ್ಲೆಂಡಿನ ಚೆಲ್ಟನ್‌ಹ್ಯಾಮ್‌ನಲ್ಲಿ ನೆಲೆಸಿದರು. 1883ರ ಲಂಡನಿನ ಅಂತಾರಾಷ್ಟ್ರೀಯ ಮೀನುಗಾರಿಕೆ ಪ್ರದರ್ಶನದಲ್ಲಿ ಭಾರತದ ವಿಭಾಗ ಅವರ ಹೊಣೆಯಾಗಿತ್ತು. ಬ್ರಿಟನ್, ಐರ್ಲೆಂಡುಗಳ ಮೀನುಗಳ ಬಗ್ಗೆಯೂ ಬರೆದರು. ನೀಲಗಿರಿಗೆ ಒಯ್ಯಲಾರದೆ ಹೋದ ಟ್ರೌಟ್ ಮೀನಿನ ತಳಿ ಪ್ರಯೋಗಗಳಲ್ಲಿ ಕೊನೆಯ ವರ್ಷಗಳನ್ನು ಕಳೆದರು. 1889ರಲ್ಲಿ ಅವರ ಕೊನೆಯ ಎರಡು ಸಂಪುಟಗಳು ಅಚ್ಚಾದವು. ಅದೇ ವರ್ಷ ಜುಲೈ 10ರಂದು, ಅರುವತ್ತನೆಯ ವಯಸ್ಸಿನಲ್ಲಿ, ಕ್ಯಾನ್ಸರಿನಿಂದ ತೀರಿಕೊಂಡರು. ತಾವು ಬೇಡಿದ ಕಾಯಿದೆಯನ್ನು ಅವರು ನೋಡಲಿಲ್ಲ.

ಎಂಟು ವರ್ಷ ತಡವಾಗಿ

ಭಾರತೀಯ ಮೀನುಗಾರಿಕೆ ಕಾಯಿದೆ ಬಂದದ್ದು 1897ರಲ್ಲಿ. ಥಾಮಸರ ಗಾಳದ ಪುಸ್ತಕದ ಮೂರನೆಯ ಮುದ್ರಣವೂ ಅದೇ ವರ್ಷದ್ದು. ಕಾಯಿದೆ ಚಿಕ್ಕದು. ನೀರಿನಲ್ಲಿ ತೋಟೆ ಸಿಡಿಸಿ ಮೀನು ಕೊಲ್ಲಬಾರದು, ನಂಜು ಹಾಕಬಾರದು, ಹಾಕಿದರೆ ಎರಡು ತಿಂಗಳವರೆಗೆ ಸೆರೆ ಇಲ್ಲವೆ ಇನ್ನೂರು ರೂಪಾಯಿವರೆಗೆ ದಂಡ. ಇದರ ಮೇಲೆ ಕೂಳಿ, ಕಟ್ಟ, ಬಲೆಯ ಕಣ್ಣಿನ ಅಳತೆ, ಮೀನು ಹಿಡಿಯದ ಅವಧಿ ಇವುಗಳ ಬಗ್ಗೆ ಆಯಾ ಪ್ರಾಂತದ ಸರಕಾರ ನಿಯಮ ಮಾಡಬಹುದು. ಡೇಯವರ ಬೇಡಿಕೆಗಳ ಪಟ್ಟಿ ಬಹುಮಟ್ಟಿಗೆ ಅಲ್ಲಿತ್ತು. ಸ್ವಾತಂತ್ರ್ಯದ ನಂತರ ರಾಜ್ಯಗಳು ತಮ್ಮ ತಮ್ಮ ಕಾಯಿದೆ ಮಾಡಿಕೊಂಡವು. ಕೇರಳದ ಒಳನಾಡು ಮೀನುಗಾರಿಕೆ ಕಾಯಿದೆ 2010ರದು. ಅದರಲ್ಲಿಯೂ ನಂಜು, ತೋಟೆಗಳ ನಿಷೇಧವುಂಟು, ಜತೆಗೆ ಕರೆಂಟು ಹಾಯಿಸುವುದೂ ಸೇರಿದೆ. ಮೊದಲ ಮಳೆಗೆ ಮೊಟ್ಟೆ ಹೊತ್ತು ತೋಡು, ಗದ್ದೆಗಳಿಗೆ ಹತ್ತಿ ಬರುವ ಮೀನನ್ನು, ಮಲೆಯಾಳದಲ್ಲಿ ಊತ್ತ ಎನ್ನುವ ಆ ಹಿಡಿತವನ್ನು, ಈಗ ಸರಕಾರ ತಡೆಯುತ್ತದೆ. ಕಡಲಿನಲ್ಲಿ ಬೂತಾಯಿ 10 ಸೆಂಟಿಮೀಟರ್, ಬಂಗುಡೆ 14 ಸೆಂಟಿಮೀಟರಿಗಿಂತ ಸಣ್ಣದಾದರೆ ಹಿಡಿಯಬಾರದೆಂಬ ನಿಯಮವೂ ಬಂದಿದೆ. ಮರಿಗೆ ಬೆಳೆಯಲು ಬಿಡಿ ಎಂಬ 1873ರ ಮಾತೇ ಇದು.

ಆದರೆ ಕಾಯಿದೆಗಿಂತ ಹಳೆಯದೊಂದು ನಿಯಮ ನಮ್ಮಲ್ಲಿತ್ತು. ತೊಡಿಕಾನ, ಶಿಶಿಲ, ಶೃಂಗೇರಿಗಳಲ್ಲಿ ದೇವರ ಮೀನಿಗೆ ಯಾರೂ ಕೈ ಹಾಕುವುದಿಲ್ಲ. ಅಲ್ಲಿ ಪೊಲೀಸನಿಲ್ಲ, ದಂಡವಿಲ್ಲ. ಆ ನಿಯಮವೂ ಸೋತ ದಿನವುಂಟು. 1996ರಲ್ಲಿ ಶಿಶಿಲದ ಮತ್ಸ್ಯತೀರ್ಥದಲ್ಲಿ ಯಾರೋ ನೀರಿಗೆ ನಂಜು ಹಾಕಿ ಸಾವಿರಾರು ಮೀನು ಸತ್ತವು. ಕಾಯಿದೆಗೆ ನೂರು ವರ್ಷ ತುಂಬುವುದಕ್ಕೆ ಒಂದೇ ವರ್ಷ ಬಾಕಿಯಿದ್ದಾಗ, ಕಾಯಿದೆ ಮತ್ತು ದೇವರು ಎರಡರ ಅಂಜಿಕೆಯೂ ಇಲ್ಲದವರ ಕೈಯಲ್ಲಿ.

ಹರಿಗೋಲು ಮತ್ತು ಗಾಳ

ಈಗ ಹವ್ಯಾಸಕ್ಕೆ ಗಾಳ ಹಾಕುವವರ ಮಾತಿಗೆ ಬರೋಣ. ಕಾವೇರಿಯಲ್ಲಿ ಹರಿಗೋಲು ಹತ್ತಿ ಮಹಶೀರ್ ಹಿಡಿಯುವ ಆಟ ಲೋಕಪ್ರಸಿದ್ಧ. 1946ರಲ್ಲಿ ಮೈಸೂರಿನ ಫಾನ್ ಇಂಗನ್ ಕುಟುಂಬದವರೊಬ್ಬರು ಹಿಡಿದದ್ದು 120 ಪೌಂಡಿನ ಮೀನು. ಮುಂದೆ ಭೀಮೇಶ್ವರಿ ಮೊದಲಾದ ಕಡೆ ಶಿಬಿರಗಳಾದವು. ಹಿಡಿದು, ತೂಗಿ, ಮತ್ತೆ ನೀರಿಗೆ ಬಿಡಬೇಕೆಂಬ ನಿಯಮ ಬಂತು. ಹಿಂದೆ ಕದ್ದು ಮೀನು ಹಿಡಿಯುತ್ತಿದ್ದ ಸ್ಥಳೀಯರಲ್ಲಿ ಕೆಲವರೇ ಹರಿಗೋಲು ನಡೆಸುವ, ಹೊಳೆ ಕಾಯುವ ಕೆಲಸಕ್ಕೆ ಸೇರಿದರು.

ಆ ನೀರು ವನ್ಯಜೀವಿ ಧಾಮದ ಒಳಗಿತ್ತು. ಧಾಮದಲ್ಲಿ ಪ್ರಾಣಿಯನ್ನು ಹಿಡಿಯುವುದೂ ಬೇಟೆಯೇ ಎಂದು 1972ರ ವನ್ಯಜೀವಿ ಕಾಯಿದೆಯನ್ನು ಅರ್ಥೈಸಿ 2010ರ ನಂತರದ ವರ್ಷಗಳಲ್ಲಿ ಅಲ್ಲಿ ಗಾಳ ನಿಂತಿತು. ಮೋಜಿಗಾಗಿ ಮೀನಿನ ಬಾಯಿಗೆ ಕೊಕ್ಕೆ ಸಿಕ್ಕಿಸುವುದು ಹಿಂಸೆಯಲ್ಲವೇ ಎಂದವರ ಮಾತಿನಲ್ಲಿ ನ್ಯಾಯವುಂಟು. ಗಾಳದವರು ಹೋದ ಮೇಲೆ ತೋಟೆಯವರನ್ನು ತಡೆಯುವ ಕಣ್ಣುಗಳೂ ಹೋದವು ಎಂದವರ ಮಾತಿನಲ್ಲಿಯೂ ನ್ಯಾಯವುಂಟು. ವಿಚಿತ್ರವೆಂದರೆ ಇಷ್ಟೆಲ್ಲ ಜಗಳ ನಡೆದಾಗ ಆ ಮೀನಿಗೆ ಶಾಸ್ತ್ರದಲ್ಲಿ ಸರಿಯಾದ ಹೆಸರೇ ಇರಲಿಲ್ಲ. ಡೇಯವರ ಗ್ರಂಥ ಮುಗಿದು 140 ವರ್ಷವಾದ ಮೇಲೆ, 2018ರಲ್ಲಿ, ಮುನ್ನಾರಿನ ಬಡಗಣ ಬೆಟ್ಟಗಳಿಂದ ಮೂಡಣಕ್ಕೆ ಇಳಿದು ಕಾವೇರಿ ಕಣಿವೆ ಸೇರುವ ಪಾಂಬಾರ್ ಹೊಳೆಯ ಮೀನೂ ಕಾವೇರಿಯ ಆ ಡುಬ್ಬದ ಮಹಶೀರೂ ಒಂದೇ ಎಂದು ತಿಳಿಯಿತು. ಅದೇ ವರ್ಷ ಅದನ್ನು ತೀರ ಅಪಾಯದಲ್ಲಿರುವ ಮೀನೆಂದು ಸಾರಲಾಯಿತು.

ಮಿಸ್ ಕೇರಳದ ಕತೆ ಇನ್ನೂ ಹತ್ತಿರದ್ದು. ಗಾಜಿನ ತೊಟ್ಟಿಗಳಿಗಾಗಿ ಅದನ್ನು ಹೊಳೆಗಳಿಂದ ಬಾಚಿ ಹೊರದೇಶಕ್ಕೆ ಕಳಿಸುವುದು ಮಿತಿಮೀರಿದಾಗ ಕೇರಳ ಸರಕಾರ 2008ರಲ್ಲಿ ಕಟ್ಟುಪಾಡು ಹಾಕಿತು. ಜೂನ್, ಜುಲೈ, ಅಕ್ಟೋಬರ್ ತಿಂಗಳುಗಳಲ್ಲಿ ಹಿಡಿಯಬಾರದು ಎಂದು. ಒಳ್ಳೆಯ ಉದ್ದೇಶವೇ. ಆದರೆ ಅದು ಮೊಟ್ಟೆಯಿಡುವುದು ಅಕ್ಟೋಬರಿನಿಂದ ಮಾರ್ಚಿನವರೆಗೆ ಎಂದು ನಂತರದ ಅಧ್ಯಯನದಿಂದ ಗೊತ್ತಾಯಿತು. ಬಾಗಿಲು ಹಾಕಿದ್ದು ಕಳ್ಳ ಬಾರದ ಹೊತ್ತಿನಲ್ಲಿ.

ಡೇಯವರ ಬದುಕಿನ ಪಾಠ ಇಲ್ಲಿದೆ. ನಿಯಮಕ್ಕೆ ಮೊದಲು ತಿಳಿವಳಿಕೆ ಬೇಕು. ಅವರು ಮೊದಲು ಹುರುಪೆ ಎಣಿಸಿದರು, ಆಮೇಲೆ ತಹಸೀಲ್ದಾರರನ್ನು ಕೇಳಿದರು, ಕೊನೆಗೆ ಕಾಯಿದೆ ಬೇಡಿದರು. ಗಾಳ ಹಿಡಿದು ಹೊಳೆಗೆ ಇಳಿಯುವವರೂ ಇದರಲ್ಲಿ ಪಾಲುಗಾರರೇ. ಮೀನು ಯಾವ ತಿಂಗಳು ಮೊಟ್ಟೆ ಹೊತ್ತಿದೆ, ಎಲ್ಲಿ ಕಡಿಮೆಯಾಗಿದೆ ಎಂಬುದು ಕಚೇರಿಗಿಂತ ಮೊದಲು ಗೊತ್ತಾಗುವುದು ಥಾಮಸರಂಥ ಹುಚ್ಚಿನವರಿಗೆ.

ಪಯಸ್ವಿನಿ ಕೊಡಗಿನ ಬೆಟ್ಟದಲ್ಲಿ ಹುಟ್ಟಿ, ಸುಳ್ಯದಲ್ಲಿ ಹರಿದು, ನಮ್ಮಲ್ಲಿ ಚಂದ್ರಗಿರಿಯಾಗಿ ಕಡಲು ಸೇರುತ್ತದೆ. ಮೇಲೆ ಒಂದು ಕಾಯಿದೆ, ಕೆಳಗೆ ಇನ್ನೊಂದು. ನಡುವಿನ ಗಡಿ ಮೀನಿಗೆ ತಿಳಿಯದು. ಈ ಬೇಸಗೆಯಲ್ಲಿ ಹೊಳೆ ಬತ್ತಿ ಗುಂಡಿಗಳು ನಿಂತಾಗ, ಆ ಗುಂಡಿಗಳಲ್ಲಿ ಕೆಂಪು ಗೆರೆಯ ಪುಟ್ಟ ಮೀನು ಕಂಡರೆ ಮಕ್ಕಳಿಗೆ ತೋರಿಸಿ ಅದರ ಹೆಸರಿನ ಕತೆ ಹೇಳಬಹುದು. ತೋಟೆಯ ಸದ್ದು ಕೇಳಿದರೆ ಸುಮ್ಮನಿರದೆ ಪಂಚಾಯತಿಗೆ ತಿಳಿಸಲೂಬಹುದು. 1873ರ ಪ್ರಶ್ನೆಗಳ ಪಟ್ಟಿ ಇನ್ನೂ ಉತ್ತರ ಕಾಯುತ್ತಿದೆ.